ಕೋಪನ್‌ಹೇಗನ್ ಮೊದಲಂತೆ, ನಮ್ಮ ಬೆಂಗಳೂರು ಎಷ್ಟನೆಯದು?

2025ರ ಜೂನ್ ತಿಂಗಳ ಒಂದು ಬೆಳಿಗ್ಗೆ. ಶಾಲೆಯ ಅಂಗಳದಲ್ಲಿ ಪ್ರಾರ್ಥನೆ ಮುಗಿದು, ದಿನಪತ್ರಿಕೆಯ ಮುಖ್ಯ ಸುದ್ದಿಗಳನ್ನು ಓದುವ ಹೊತ್ತು. ಅಂದಿನ ಸರದಿ ಹತ್ತನೇ ತರಗತಿಯ ಹುಡುಗಿಯೊಬ್ಬಳದು. ಜಗತ್ತಿನಲ್ಲಿ ವಾಸಕ್ಕೆ ಅತ್ಯುತ್ತಮವಾದ ನಗರಗಳ ಪಟ್ಟಿಯಲ್ಲಿ ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್‌ಗೆ ಮೊದಲ ಸ್ಥಾನ ಎಂದು ಓದಿದಳು. ಆ ಹೆಸರು ಹೇಳುವಾಗ ನಾಲಿಗೆ ಎರಡು ಸಲ ತೊಡರಿತು, ಮಕ್ಕಳೆಲ್ಲ ನಕ್ಕರು. ನಗು ನಿಂತ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: 'ಸಾರ್, ನಮ್ ಬೆಂಗಳೂರು ಎಷ್ಟನೇದು?'

ಲಂಡನ್ನಿನ 'ಇಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್' ಪ್ರತಿ ವರ್ಷ ಪ್ರಕಟಿಸುವ ಪಟ್ಟಿ ಅದು. ಸತತ ಮೂರು ವರ್ಷ ಮೊದಲ ಸ್ಥಾನದಲ್ಲಿದ್ದ ಆಸ್ಟ್ರಿಯಾದ ವಿಯೆನ್ನಾ ನಗರವನ್ನು ಹಿಂದಿಕ್ಕಿ ಆ ವರ್ಷ ಕೋಪನ್‌ಹೇಗನ್ ಮುಂದೆ ಬಂದಿತ್ತು. ಮುಂದಿನ ಸಾಲುಗಳಲ್ಲಿ ಬೆಂಗಳೂರಿನ ಹೆಸರಿರಲಿಲ್ಲ. ಹುಡುಗನಿಗೆ ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅವನ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು. ಬೆಂಗಳೂರಿನ ಹೆಸರು ಅಮೆರಿಕದಲ್ಲಿ, ಜಪಾನಿನಲ್ಲಿ ಎಲ್ಲರಿಗೂ ಗೊತ್ತು ಎಂದು ನಾವೇ ಮಕ್ಕಳಿಗೆ ಹೇಳುತ್ತೇವೆ. ಹಾಗಿದ್ದ ಮೇಲೆ ಈ ಪಟ್ಟಿಯಲ್ಲೇಕೆ ಅದು ಮುಂದಿಲ್ಲ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಮಗೆ ಇದು ಬರೀ ಸಾಮಾನ್ಯ ಜ್ಞಾನದ ಪ್ರಶ್ನೆಯಲ್ಲ. ಇಲ್ಲಿನ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ತೋಟ ನೋಡಿಕೊಳ್ಳುತ್ತಾರೆ, ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನದಿಂದಲೇ ಮನೆಯ ಮಾತು ಆ ಊರಿನ ಕಡೆ ತಿರುಗುತ್ತದೆ. ಕೊಬ್ಬರಿ ಮಾರಿದ ಹಣ ಅಲ್ಲಿನ ಹಾಸ್ಟೆಲ್ ಶುಲ್ಕವಾಗುತ್ತದೆ, ಬಾಡಿಗೆ ಮನೆಯ ಮುಂಗಡವಾಗುತ್ತದೆ. ಆದ್ದರಿಂದ ನಮ್ಮ ಮಕ್ಕಳು ಸೇರಲಿರುವ ಆ ಊರಿಗೆ ಹೆಸರು ಬಂದದ್ದು ಹೇಗೆ, ಅದರ ಚೆಲುವು ಬಂದದ್ದು ಹೇಗೆ, ಹೋದದ್ದು ಹೇಗೆ ಎಂಬುದನ್ನು ಕೋಪನ್‌ಹೇಗನ್ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ವರ್ತಕರ ಬಂದರು

ಕೋಪನ್‌ಹೇಗನ್ ಎಂದರೆ ಅವರ ಭಾಷೆಯಲ್ಲಿ 'ವರ್ತಕರ ಬಂದರು' ಎಂದೇ ಅರ್ಥ. ಮೀನುಗಾರರ ಸಣ್ಣ ಹಳ್ಳಿಯಿದ್ದ ಕಡಲತೀರದಲ್ಲಿ 1167ರ ಸುಮಾರಿಗೆ ಅಬ್ಸಲಾನ್ ಎಂಬ ಬಿಷಪ್ ಕೋಟೆ ಕಟ್ಟಿಸಿದನೆಂದು ಅದರ ಚರಿತ್ರೆ ಆರಂಭವಾಗುತ್ತದೆ. ನಕ್ಷೆ ತೆಗೆದು ನೋಡಿ: ನಾವು 13 ಡಿಗ್ರಿ ಉತ್ತರ ಅಕ್ಷಾಂಶದ ಬಳಿ ಇದ್ದರೆ ಅದು 55 ಡಿಗ್ರಿಯನ್ನೂ ದಾಟಿದೆ. ಹೀಗಾಗಿ ಜೂನ್ ತಿಂಗಳಲ್ಲಿ ಅಲ್ಲಿ ಹಗಲು ಹದಿನೇಳೂವರೆ ಗಂಟೆ. ಡಿಸೆಂಬರಿನಲ್ಲಿ ಏಳೇ ಗಂಟೆ. ನಗರಸಭೆಯ ವ್ಯಾಪ್ತಿಯ ಜನಸಂಖ್ಯೆ ಸುಮಾರು ಆರೂವರೆ ಲಕ್ಷ.

ಪ್ರವಾಸಿಗರು ಅಲ್ಲಿಗೆ ಹೋಗುವುದು ಬಣ್ಣಬಣ್ಣದ ಹಳೆಯ ಮನೆಗಳ ಕಾಲುವೆ ದಂಡೆ ನೋಡಲು, 1843ರಲ್ಲಿ ಆರಂಭವಾದ ಟಿವೋಲಿ ಎಂಬ ವಿನೋದದ ಉದ್ಯಾನ ನೋಡಲು. ಮಕ್ಕಳ ಕಥೆಗಳ ಆಂಡರ್ಸನ್ ಬದುಕಿದ್ದ ಊರು ಅದು. ಅವನ ಕಥೆಯ ಮತ್ಸ್ಯಕನ್ಯೆಯ ಕಂಚಿನ ಪ್ರತಿಮೆಯನ್ನು 1913ರಲ್ಲಿ ಕಡಲಂಚಿನ ಬಂಡೆಯ ಮೇಲೆ ಕೂರಿಸಿದರು. ಜಗತ್ಪ್ರಸಿದ್ಧವಾದ ಆ ಪ್ರತಿಮೆಯ ಎತ್ತರ ಸುಮಾರು ಒಂದೂಕಾಲು ಮೀಟರ್. ನಮ್ಮ ಆರನೇ ತರಗತಿ ಮಗುವಿಗಿಂತ ಗಿಡ್ಡ! ಹೆಸರು ಬರುವುದಕ್ಕೆ ಗಾತ್ರ ಬೇಕಾಗಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಆದರೆ ವಿಜ್ಞಾನದ ಮೇಷ್ಟರಿಗೆ ಆ ಊರು ಪರಿಚಯವಾಗುವುದು ಬೇರೆ ದಾರಿಯಿಂದ. 1820ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅರ್ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ಇಟ್ಟ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡರು. ಹತ್ತನೇ ತರಗತಿಯಲ್ಲಿ ನಾವು ಮಾಡಿಸುವ ಪ್ರಯೋಗ ಅದೇ. ತೋಟದ ಪಂಪ್‌ಸೆಟ್ಟಿನ ಮೋಟಾರಿನ ವಂಶವೃಕ್ಷ ಹಿಡಿದು ಹೋದರೆ ಆ ಮುಳ್ಳಿನ ಬಳಿಗೇ ತಲುಪುತ್ತೇವೆ. ಅಲ್ಲಿನ ಒಂದು ಬಿಯರ್ ಕಾರ್ಖಾನೆ 1875ರಲ್ಲಿ ಪ್ರಯೋಗಾಲಯ ತೆರೆಯಿತು. ಹೆಸರು ಕಾರ್ಲ್ಸ್‌ಬರ್ಗ್. ಅಲ್ಲಿ 1883ರಲ್ಲಿ ಕೆಲ್ಡಾಲ್ ಎಂಬ ರಸಾಯನಶಾಸ್ತ್ರಜ್ಞ ಪದಾರ್ಥದಲ್ಲಿರುವ ಸಾರಜನಕವನ್ನು ಅಳೆಯುವ ವಿಧಾನ ಕಂಡುಹಿಡಿದ. ನಮ್ಮ ಕೊಬ್ಬರಿ ಹಿಂಡಿಯಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅಳೆಯಲೂ ಆ ವಿಧಾನವೇ ಬೇಕು. 1909ರಲ್ಲಿ ಅದೇ ಪ್ರಯೋಗಾಲಯದ ಸೋರೆನ್ಸನ್ ಪಿಎಚ್ ಮಾನವನ್ನು ಕೊಟ್ಟರು. ತೋಟದ ಮಣ್ಣು ಪರೀಕ್ಷೆ ಮಾಡಿಸಿದವರ ಚೀಟಿಯಲ್ಲಿ ಪಿಎಚ್ ಎಂದು ಬರೆದಿರುತ್ತದಲ್ಲ, ಅದು ಆ ದೂರದ ಊರಿನಿಂದ ಬಂದದ್ದು.

1921ರಲ್ಲಿ ನೀಲ್ಸ್ ಬೋರ್ ತಮ್ಮ ಭೌತವಿಜ್ಞಾನ ಸಂಸ್ಥೆಯನ್ನು ಅಲ್ಲಿ ತೆರೆದರು. ಮರುವರ್ಷವೇ ನೊಬೆಲ್ ಬಂತು. ಪರಮಾಣುವಿನ ಬಗ್ಗೆ ಯೋಚಿಸುತ್ತಿದ್ದ ಯೂರೋಪಿನ ತರುಣರೆಲ್ಲ ಆ ಕಟ್ಟಡಕ್ಕೆ ಬಂದು ಹೋದರು. ಹಾಗೆ ಹೋಗಿಬಂದ ಭಾರತದ ಒಬ್ಬ ತರುಣ ಹೋಮಿ ಭಾಭಾ. 1939ರಲ್ಲಿ ರಜೆಗೆಂದು ಊರಿಗೆ ಬಂದಾಗ ಎರಡನೇ ಮಹಾಯುದ್ಧ ಆರಂಭವಾಯಿತು. ವಾಪಸು ಹೋಗಲಾಗದೆ ಅವರು ಸೇರಿದ್ದು ಎಲ್ಲಿಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ. ಕೋಪನ್‌ಹೇಗನ್‌ಗೂ ಬೆಂಗಳೂರಿಗೂ ವಿಜ್ಞಾನದ ನಂಟು ಹೀಗೆ ಹಳೆಯದು.

ತುಮಕೂರು ರಸ್ತೆಯ ಪಾಠ

ಈಗ ನಮ್ಮ ಊರಿನಿಂದ ಬಸ್ಸು ಹತ್ತಿ. ಗುಬ್ಬಿ, ತುಮಕೂರು, ದಾಬಸ್‌ಪೇಟೆ, ನೆಲಮಂಗಲ ದಾಟಿದರೆ ಬೆಂಗಳೂರಿನ ಬಾಗಿಲು. 2024ರ ನವೆಂಬರಿನಿಂದ ಮಾದಾವರದಲ್ಲೇ ಮೆಟ್ರೋ ರೈಲು ಹತ್ತಬಹುದು. ಆದರೆ ಒಮ್ಮೆಯಾದರೂ ಮಕ್ಕಳನ್ನು ಬಸ್ಸಿನ ಕಿಟಕಿಯ ಪಕ್ಕ ಕೂರಿಸಿ. ಬೆಂಗಳೂರಿಗೆ ಹೆಸರು ತಂದ ಕಥೆಯ ಅರ್ಧಭಾಗ ಈ ರಸ್ತೆಯ ಅಕ್ಕಪಕ್ಕದಲ್ಲೇ ಇದೆ.

ಮೊದಲು ಪೀಣ್ಯ. ತಗಡಿನ ಶೆಡ್ಡುಗಳು, ಲೇತ್ ಯಂತ್ರದ ಸದ್ದು, ಲಾರಿಗಳ ಸಾಲು. ಇಂಥ ಶೆಡ್ಡುಗಳಲ್ಲೇ ಉಡುಪಿ ಜಿಲ್ಲೆಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ನಮ್ಮ ದೇಶದ ಮೊದಲ ಉಪಗ್ರಹ 'ಆರ್ಯಭಟ' ಸಿದ್ಧವಾಯಿತು. ತೂಕ 360 ಕಿಲೋಗ್ರಾಂ. 1975ರ ಏಪ್ರಿಲ್ 19ರಂದು ಸೋವಿಯತ್ ದೇಶದಿಂದ ಅದನ್ನು ಹಾರಿಸಿದರು. 1981ರಲ್ಲಿ 'ಆಪಲ್' ಉಪಗ್ರಹವನ್ನು ಪರೀಕ್ಷೆಗಾಗಿ ಮರದ ಎತ್ತಿನ ಗಾಡಿಯ ಮೇಲೆ ಇಟ್ಟ ಚಿತ್ರವನ್ನು ನೀವು ನೋಡಿರಬಹುದು. ಅದು ಬಡತನದ ಚಿತ್ರವಲ್ಲ. ಲೋಹದ ವಾಹನ ಅಳತೆಯನ್ನು ಕೆಡಿಸುತ್ತದೆ, ಮರದ ಗಾಡಿ ಕೆಡಿಸುವುದಿಲ್ಲ. ಅದಕ್ಕೇ ಎತ್ತಿನ ಗಾಡಿ ಬಂತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ವಿಜ್ಞಾನಿಗಳು ಚಪ್ಪಾಳೆ ತಟ್ಟಿದ ನಿಯಂತ್ರಣ ಕೊಠಡಿಯೂ ಇದೇ ಪೀಣ್ಯದಲ್ಲಿದೆ.

ಮುಂದೆ ಯಶವಂತಪುರ. ಅದರ ಮಗ್ಗುಲಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ. ಜೆಮ್‌ಶೆಟ್‌ಜಿ ಟಾಟಾ ಹಣ ಕೊಟ್ಟರು, ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. 1909ರಲ್ಲಿ ಸ್ಥಾಪನೆಯಾದ ಅದನ್ನು ಹಳಬರು ಈಗಲೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುತ್ತಾರೆ. 1933ರಲ್ಲಿ ಸರ್ ಸಿ.ವಿ. ರಾಮನ್ ಅದರ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು; 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಅದೇ ಸಂಸ್ಥೆಯ ತೋಟದಲ್ಲಿ ಅಂತ್ಯಸಂಸ್ಕಾರ ನಡೆಯಿತು.

ಇದಕ್ಕೂ ಮುಂಚೆ, 1905ರ ಆಗಸ್ಟ್ 5ರಂದು ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದವು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿ ಕೇಂದ್ರ ತೆರೆಯಿತು. ಆಮೇಲಿನ ಸಾಫ್ಟ್‌ವೇರ್ ಕಥೆ ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ ಕೆಲಸ ಹೊರದೇಶಕ್ಕೆ ಹೋಗುವುದಕ್ಕೆ ಬೆಂಗಳೂರಿನ ಹೆಸರನ್ನೇ ಕ್ರಿಯಾಪದ ಮಾಡಿಕೊಂಡರು. ಗಮನಿಸಬೇಕಾದ ಸಂಗತಿ ಏನೆಂದರೆ, ಆ ಹೆಸರು 1985ರಲ್ಲಿ ಆಕಾಶದಿಂದ ಬೀಳಲಿಲ್ಲ. ಅದರ ಹಿಂದೆ ಎಂಬತ್ತು ವರ್ಷಗಳ ವಿದ್ಯೆ, ಕಾರ್ಖಾನೆ, ಪ್ರಯೋಗಾಲಯ ಇತ್ತು. ಉಂಡೆ ಕೊಬ್ಬರಿ ಆಗಲು ಕಾಯಿ ಹತ್ತು-ಹನ್ನೊಂದು ತಿಂಗಳು ಅಟ್ಟದ ಮೇಲೆ ಇರಬೇಕು ಎಂದು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೆಲುವು ತಾನಾಗಿ ಬರಲಿಲ್ಲ

ಹೆಸರಿನ ಮಾತಾಯಿತು. ಇನ್ನು ಚೆಲುವಿನ ಮಾತು. 'ಉದ್ಯಾನ ನಗರಿ' ಎಂಬ ಬಿರುದು ಕೇಳಿದಾಗ ಬೆಂಗಳೂರು ಹುಟ್ಟಿನಿಂದಲೇ ಹಸಿರಾಗಿತ್ತು ಎಂದು ಅನೇಕರು ಭಾವಿಸಿದ್ದಾರೆ. ಅದು ಸರಿಯಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ತಂಪು ಹವೆ ಪ್ರಕೃತಿ ಕೊಟ್ಟದ್ದು, ನಿಜ. ಉಳಿದದ್ದೆಲ್ಲ ಮನುಷ್ಯರ ಕೆಲಸ.

ಬೆಂಗಳೂರು ಕೂತಿರುವುದು ಒಂದು ದಿಣ್ಣೆಯ ಮೇಲೆ. ಒಂದು ಕಡೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ, ಇನ್ನೊಂದು ಕಡೆಯದು ದಕ್ಷಿಣ ಪಿನಾಕಿನಿಗೆ. ಊರೊಳಗೆ ದೊಡ್ಡ ನದಿಯಿಲ್ಲ. ಹೀಗಾಗಿ 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ ಕೆಂಪೇಗೌಡರು ಕೋಟೆಯ ಜೊತೆಗೆ ಕೆರೆಗಳನ್ನೂ ಕಟ್ಟಿಸಿದರು. ಧರ್ಮಾಂಬುಧಿ, ಕೆಂಪಾಂಬುಧಿ ಇವೆಲ್ಲ ಹಾಗೆ ಬಂದವು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನ ಕೆರೆಗೆ. ತೂಬು, ಕೋಡಿ, ರಾಜಕಾಲುವೆ, ನೀರುಗಂಟಿ ಎಂಬ ಮಾತುಗಳು ನಮ್ಮ ಸೀಮೆಯ ರೈತರಿಗೆ ಹೊಸವಲ್ಲ. ಬೆಂಗಳೂರೂ ಮೂಲತಃ ನಮ್ಮಂಥದೇ ಕೆರೆಯ ಊರು.

1760ರಲ್ಲಿ ಹೈದರಾಲಿ ಲಾಲ್‌ಬಾಗನ್ನು ಆರಂಭಿಸಿದ, ಟಿಪ್ಪು ಬೆಳೆಸಿದ. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಶಾಲಾ ಪ್ರವಾಸದಲ್ಲಿ ಮಕ್ಕಳು ಅದರ ಮೇಲೆ ಜಾರುಬಂಡೆ ಆಡುವಾಗ ಈ ಸಂಗತಿ ಹೇಳಿದರೆ ಒಂದು ಕ್ಷಣ ನಿಂತು ಕಾಲ ಕೆಳಗೆ ನೋಡುತ್ತಾರೆ. 1870ರಲ್ಲಿ ಕಬ್ಬನ್ ಪಾರ್ಕ್ ಆಯಿತು. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತು ಬಂದ ಜರ್ಮನಿಯ ಕ್ರುಂಬಿಗೆಲ್ ಬೆಂಗಳೂರಿನ ಬೀದಿಗಳಿಗೆ ಒಂದು ಲೆಕ್ಕಾಚಾರದ ಪ್ರಕಾರ ಮರಗಳನ್ನು ಆರಿಸಿದರು. ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು. ವರ್ಷವಿಡೀ ಊರಿನಲ್ಲಿ ಎಲ್ಲಾದರೂ ಹೂವಿರಬೇಕು. ದಕ್ಷಿಣ ಅಮೆರಿಕದ ಜಕರಂಡ, ಮಡಗಾಸ್ಕರ್ ದ್ವೀಪದ ಗುಲ್‌ಮೊಹರ್ ನಮ್ಮವೇ ಆಗಿಬಿಟ್ಟವು. ಕ್ರುಂಬಿಗೆಲ್ 1956ರಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಅವರು ಯೋಚಿಸಿ ನೆಡಿಸಿದ ನೆರಳಿನಲ್ಲಿ ನಾವು ಇಂದು ನಡೆಯುತ್ತೇವೆ.

ಕೆರೆಯ ಮೇಲೆ ಬಸ್ ನಿಲ್ದಾಣ

ನಮ್ಮ ಬಸ್ಸು ಕೊನೆಗೆ ಮೆಜೆಸ್ಟಿಕ್ ತಲುಪುತ್ತದೆ. ಕಂಡಕ್ಟರ್ 'ಇಳೀರಿ, ಇಳೀರಿ' ಎನ್ನುತ್ತಾನೆ. ನೀವು ಕಾಲಿಟ್ಟ ಜಾಗ ಯಾವುದು ಗೊತ್ತೆ? ಕೆಂಪೇಗೌಡರು ಕಟ್ಟಿಸಿದ ಧರ್ಮಾಂಬುಧಿ ಕೆರೆಯ ಅಂಗಳ. ಕೆರೆ ಹೋಯಿತು, ಕಟ್ಟಿಸಿದವರ ಹೆಸರು ಮಾತ್ರ ಬಸ್ ನಿಲ್ದಾಣಕ್ಕೆ ಉಳಿಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಶೂಲೆ ಕೆರೆಯ ಜಾಗದಲ್ಲಿ ಫುಟ್‌ಬಾಲ್ ಮೈದಾನ ಬಂತು.

ಇದು ಯಾರೋ ಒಬ್ಬ ದುಷ್ಟನ ಕೆಲಸವಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಊರೊಳಗಿನ ಕೆರೆಗಳ ಅಗತ್ಯ ಜನಕ್ಕೆ ಕಾಣದಾಯಿತು. ಬಳಸದ ಕೆರೆಗೆ ಹೂಳು ತುಂಬಿತು, ಕೊಳಚೆ ಸೇರಿತು, ಸೊಳ್ಳೆ ಹೆಚ್ಚಿತು. ಮಲೇರಿಯಾ ಬರುತ್ತದೆ, ಮುಚ್ಚಿಬಿಡಿ ಎಂದರು. ಮುಚ್ಚಿದರು. ಪ್ರತಿಯೊಂದು ಸಲವೂ ಕಾರಣ ಸರಿಯಾಗಿಯೇ ಕಂಡಿತು.

ಲೆಕ್ಕ ಬಂದದ್ದು ಆಮೇಲೆ. ಹೆಸರಘಟ್ಟ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ, ಅದೂ ಸಾಲದೆ 1974ರಲ್ಲಿ ಕಾವೇರಿ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಆ ನೀರನ್ನು ಎತ್ತಬೇಕು. ವಿದ್ಯಾರ್ಥಿಗಳು ಒಂಬತ್ತನೇ ತರಗತಿಯ ಸೂತ್ರ ನೆನೆಯಲಿ: ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಇವುಗಳ ಗುಣಲಬ್ಧ. ಸಾವಿರ ಲೀಟರ್ ನೀರಿನ ರಾಶಿ 1,000 ಕಿಲೋಗ್ರಾಂ. ಅದನ್ನು 9.8ರಿಂದಲೂ 500ರಿಂದಲೂ ಗುಣಿಸಿದರೆ 49 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ಅಂದರೆ ಸಾವಿರ ಲೀಟರಿಗೆ ಕನಿಷ್ಠ 1.36 ಯೂನಿಟ್, ಪಂಪಿನಲ್ಲಿ, ಪೈಪಿನಲ್ಲಿ ಆಗುವ ನಷ್ಟ ಬೇರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾದ ಮೇಲೆ ಕಾವೇರಿ ಯೋಜನೆಯ ಒಟ್ಟು ಸಾಮರ್ಥ್ಯ ದಿನಕ್ಕೆ 222 ಕೋಟಿ ಲೀಟರ್ ದಾಟಿದೆ. ಗುಣಿಸಿ ನೋಡಿ: ಪೂರ್ತಿ ಎತ್ತಿದರೆ ದಿನಕ್ಕೆ ಕನಿಷ್ಠ 30 ಲಕ್ಷ ಯೂನಿಟ್! ತಲೆಯ ಮೇಲೆ ಬಿದ್ದ ಮಳೆಯನ್ನು ಚರಂಡಿಗೆ ಬಿಟ್ಟು, ನೂರು ಕಿಲೋಮೀಟರ್ ದೂರದ ನೀರನ್ನು ಬೆಟ್ಟ ಹತ್ತಿಸುವ ಲೆಕ್ಕ ಇದು.

ಚರಂಡಿಗೆ ಬಿಟ್ಟ ನೀರು ಎಲ್ಲಿ ಹೋಗುತ್ತದೆ? ಕೆಳಗಿನ ಕೆರೆಗೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಹೀಗೆ ಊರಿನ ಕೊಳಚೆ ಕುಡಿದು ಕೆಟ್ಟಿತು. ಬಟ್ಟೆ ಒಗೆಯುವ ಪುಡಿಯ ಅಂಶ ಸೇರಿದ ನೀರು ಕೋಡಿಯಲ್ಲಿ ಧುಮುಕುವಾಗ ಆಳೆತ್ತರದ ನೊರೆ ಎದ್ದು ರಸ್ತೆಗೆ ಹಾರಿತು. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹೊತ್ತಿಕೊಂಡಿತು. 2017ರಲ್ಲಿ, 2018ರಲ್ಲಿ ಕೆರೆಯಂಗಳ ಮತ್ತೆ ಹೊಗೆಯಾಡಿತು. ಕೆರೆಗೆ ಬೆಂಕಿ ಬಿದ್ದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅಂತರರಾಷ್ಟ್ರೀಯ ಖ್ಯಾತಿ ಎಂದರೆ ಇದೂ ಹೌದಲ್ಲ!

2022ರ ಸೆಪ್ಟೆಂಬರಿನಲ್ಲಿ ಭಾರಿ ಮಳೆಯಾಗಿ ಹೊರವರ್ತುಲ ರಸ್ತೆಯ ಕಡೆ ಬಡಾವಣೆಗಳು ಮುಳುಗಿದವು. ಸಾಫ್ಟ್‌ವೇರ್ ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಒಂದೂವರೆ ವರ್ಷ ಕಳೆಯುವುದರೊಳಗೆ, 2024ರ ಮಾರ್ಚಿನಲ್ಲಿ, ಅದೇ ಊರು ಟ್ಯಾಂಕರ್ ನೀರಿಗೆ ಕಾದು ನಿಂತಿತು. ನಗರದ ಸಾರ್ವಜನಿಕ ಕೊಳವೆ ಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿದವು. ಮಳೆಗಾಲದಲ್ಲಿ ಮುಳುಗುವುದು, ಬೇಸಿಗೆಯಲ್ಲಿ ಬತ್ತುವುದು ಎರಡು ರೋಗವಲ್ಲ, ಒಂದೇ ರೋಗ. ನೀರು ನಿಲ್ಲುವ ಜಾಗ ಕಳೆದುಕೊಂಡ ಊರಿಗೆ ಬರುವ ರೋಗ. 'ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ' ಎಂಬ ಗಾದೆ ನೆನಪಾಗುತ್ತದೆ.

ಅವರದೂ ಕೊಳಚೆಯೇ ಆಗಿತ್ತು

'ಅವರು ಮುಂದುವರಿದ ದೇಶದವರು ಬಿಡಿ' ಎಂದು ನಾವು ಇಲ್ಲಿ ಮಾತು ಮುಗಿಸಿಬಿಡುತ್ತೇವೆ. ಆದರೆ ಕೋಪನ್‌ಹೇಗನ್ನಿನ ಚೆಲುವೂ ತಾನಾಗಿ ಬಂದದ್ದಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗ ಅವರ ಬಂದರಿನ ನೀರು ಕೊಳಚೆ ಮತ್ತು ಕಾರ್ಖಾನೆಯ ತ್ಯಾಜ್ಯ ಸೇರುವ ಜಾಗವಾಗಿತ್ತು. ಮಳೆ ಬಂದರೆ ಒಳಚರಂಡಿ ಉಕ್ಕಿ ನೇರ ಬಂದರಿಗೆ ಹರಿಯುತ್ತಿತ್ತು. ನಗರಸಭೆ ಹಣ ಹಾಕಿತು. ಮಳೆನೀರು ಮತ್ತು ಕೊಳಚೆ ತಡೆದು ನಿಲ್ಲಿಸುವ ದೊಡ್ಡ ತೊಟ್ಟಿಗಳನ್ನು ನೆಲದಡಿ ಕಟ್ಟಿಸಿತು. ಶುದ್ಧೀಕರಣವನ್ನು ಬಿಗಿ ಮಾಡಿತು. 2002ರಲ್ಲಿ ನಗರದ ನಡುವೆಯೇ, ಅದೇ ಬಂದರಿನಲ್ಲಿ ಈಜುಕೊಳ ತೆರೆಯಿತು. ಮಕ್ಕಳು ಅಲ್ಲಿ ಧುಮುಕುತ್ತಾರೆ. ಜೋರು ಮಳೆ ಬಂದು ನೀರು ಕೆಟ್ಟರೆ ಅಂದು ಈಜಬೇಡಿ ಎಂದು ಸೂಚನೆ ಕೊಡುತ್ತಾರೆ.

ಸೈಕಲ್ಲಿನ ಕಥೆಯೂ ಹಾಗೆಯೇ. ಎರಡನೇ ಯುದ್ಧದ ನಂತರ ಅಲ್ಲೂ ಕಾರುಗಳು ಹೆಚ್ಚಿ ಸೈಕಲ್ ಮೂಲೆಗೆ ಬಿತ್ತು. 1962ರ ನವೆಂಬರಿನಲ್ಲಿ ನಗರದ ಮುಖ್ಯ ಅಂಗಡಿ ಬೀದಿಗೆ ವಾಹನ ಬಿಡುವುದನ್ನು ನಿಲ್ಲಿಸಿದಾಗ ಅಂಗಡಿಯವರೇ ವಿರೋಧಿಸಿದರು. ವ್ಯಾಪಾರ ಬಿದ್ದುಹೋಗುತ್ತದೆ ಎಂದು ಅವರ ಭಯ. ಬೀಳಲಿಲ್ಲ, ನಡೆದು ಬರುವವರು ಹೆಚ್ಚಿದರು. 1973ರಲ್ಲಿ ಪೆಟ್ರೋಲ್ ಅಭಾವ ಬಂದಾಗ ಭಾನುವಾರ ಕಾರು ಓಡಿಸುವುದನ್ನೇ ನಿಲ್ಲಿಸಬೇಕಾಯಿತು. ಪ್ರತ್ಯೇಕ ಸೈಕಲ್ ದಾರಿ ಬೇಕೆಂದು ಜನ ಬೀದಿಗಿಳಿದು ಕೇಳಿದರು. ಈಗ ಬೆಳಿಗ್ಗೆ ಶಾಲೆಗೆ, ಕಚೇರಿಗೆ ಹೋಗುವ ದೊಡ್ಡ ಗುಂಪು ಸೈಕಲ್ ಮೇಲಿರುತ್ತದೆ. ಅಲ್ಲಿ ಸೈಕಲ್ ಬಡವರ ವಾಹನವಲ್ಲ. ಮಂತ್ರಿಗಳೂ ತುಳಿಯುತ್ತಾರೆ.

ನಮಗೆ ಅತಿ ಮುಖ್ಯವಾದ ಪಾಠ ಇನ್ನೊಂದಿದೆ. 2011ರ ಜುಲೈ 2ರಂದು ಕೆಲವೇ ಗಂಟೆಗಳಲ್ಲಿ 100 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ಕೋಪನ್‌ಹೇಗನ್ ಮುಳುಗಿತು. ಮರುವರ್ಷವೇ ನಗರಸಭೆ ಒಂದು ಯೋಜನೆ ಒಪ್ಪಿಕೊಂಡಿತು: ಉದ್ಯಾನಗಳನ್ನು, ಮೈದಾನಗಳನ್ನು ತಗ್ಗು ಮಾಡಿ, ಜೋರು ಮಳೆಯ ದಿನ ನೀರು ಅಲ್ಲಿ ನಿಲ್ಲುವಂತೆ ಮಾಡುವುದು. ಎಂಗ್‌ಹೇವ್ ಎಂಬ ಒಂದು ಹಳೆಯ ಉದ್ಯಾನವನ್ನು ಹೀಗೆ ಮಾರ್ಪಡಿಸಿ 2019ರಲ್ಲಿ ತೆರೆದರು. ಅದೊಂದೇ ಸುಮಾರು 2 ಕೋಟಿ 26 ಲಕ್ಷ ಲೀಟರ್ ಮಳೆನೀರು ಹಿಡಿದಿಡಬಲ್ಲದು. ಅಂದರೆ ಏನಾಯಿತು? ನಾವು ಕೆರೆ ಮುಚ್ಚಿ ಮೈದಾನ ಮಾಡಿದೆವು. ಅವರು ಮೈದಾನ ತಗ್ಗಿಸಿ ಕೆರೆ ಮಾಡುತ್ತಿದ್ದಾರೆ!

ದೂರದ ಬೆಟ್ಟ ನುಣ್ಣಗೆ ಎಂಬ ಮಾತನ್ನೂ ಮರೆಯಬಾರದು. 2025ರೊಳಗೆ ಇಂಗಾಲದ ಹೊರೆಯೇ ಇಲ್ಲದ ಮೊದಲ ರಾಜಧಾನಿ ಆಗುತ್ತೇವೆ ಎಂದು ಕೋಪನ್‌ಹೇಗನ್ ಘೋಷಿಸಿತ್ತು. ಆಗದು ಎಂದು 2022ರಲ್ಲಿ ತಾನೇ ಒಪ್ಪಿಕೊಂಡಿತು. ಅಲ್ಲಿ ಜೀವನವೆಚ್ಚ ವಿಪರೀತ, ತೆರಿಗೆ ಹೆಚ್ಚು, ಚಳಿಗಾಲ ದೀರ್ಘ. ಆರೂವರೆ ಲಕ್ಷ ಜನರ ಊರನ್ನು, 2011ರ ಜನಗಣತಿಯಲ್ಲೇ 84 ಲಕ್ಷ ದಾಟಿದ್ದ ಬೆಂಗಳೂರಿಗೆ ಒಂದೇ ತಕ್ಕಡಿಯಲ್ಲಿ ತೂಗುವುದೂ ನ್ಯಾಯವಲ್ಲ. ಮಕ್ಕಳಿಗೆ ಕಲಿಸಬೇಕಾದದ್ದು ಅವರ ಸ್ಥಾನವನ್ನಲ್ಲ. ಕೆಟ್ಟದ್ದನ್ನು ಕೆಟ್ಟಿದೆ ಎಂದು ಒಪ್ಪಿ, ಅಳೆದು, ಹಣ ಹಾಕಿ, ಒಂದು ತಲೆಮಾರು ಬಿಡದೆ ಸರಿಪಡಿಸಿದ ರೀತಿಯನ್ನು.

ಬೆಂಗಳೂರಿಗೂ ಅದು ಸಾಧ್ಯವಿಲ್ಲವೆಂದಲ್ಲ. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯನ್ನು ಅಕ್ಕಪಕ್ಕದ ನಿವಾಸಿಗಳೂ ನಗರಪಾಲಿಕೆಯೂ ಕೂಡಿ ಮತ್ತೆ ಕೆರೆಯಾಗಿಸಿದರು. ಜಕ್ಕೂರು ಕೆರೆಗೆ ಶುದ್ಧೀಕರಿಸಿದ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಸೋಸಿ ಬಿಡುತ್ತಾರೆ. ಅಲ್ಲಿಗೆ ಹಕ್ಕಿಗಳು ಬರುತ್ತವೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೂ ಹರಿಯುತ್ತಿದೆ. ಅದನ್ನು ಇನ್ನೂ ಹೆಚ್ಚು ಶುದ್ಧ ಮಾಡಬೇಕೆಂಬ ವಾದವೂ ನಡೆದಿದೆ. ಅದು ನಡೆಯಬೇಕಾದ ವಾದವೇ.

ಬೇರಿನ ಬುಡದ ನೀರು

ಈಗ ಹಿಂದಿನ ಸಾಲಿನ ಹುಡುಗನ ಪ್ರಶ್ನೆಗೆ ಬರೋಣ. ನಾನು ತರಗತಿಯಲ್ಲಿ ಕೊಟ್ಟ ಉತ್ತರ ಇಷ್ಟು: ಊರಿನ ಹೆಸರು ಬೇರೆ, ಊರಿನ ಚೆಲುವು ಬೇರೆ. ಹೆಸರನ್ನು ವಿದ್ಯೆ ತರುತ್ತದೆ, ಚೆಲುವನ್ನು ನೀರು ಮತ್ತು ನೆರಳು ತರುತ್ತವೆ. ನಮ್ಮ ಕೊಬ್ಬರಿಯನ್ನೇ ನೋಡಿ. ತಿಪಟೂರಿನ ಕೊಬ್ಬರಿಗೆ ಉತ್ತರ ಭಾರತದ ಮಾರುಕಟ್ಟೆಗಳವರೆಗೂ ಹೆಸರಿದೆ. ಆ ಹೆಸರು ಬರುವುದು ಅಟ್ಟದ ಮೇಲೆ. ಆದರೆ ಕಾಯಿ ತುಂಬುವುದು ಬೇರಿನ ಬುಡದ ನೀರಿನಿಂದ. ಬೇರು ಒಣಗಿದರೆ ಅಟ್ಟಕ್ಕೆ ಏರಿಸಲು ಕಾಯಿಯೇ ಇರುವುದಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಸುಳಿ ಒಣಗಿ ನಿಂತ ಮರಗಳನ್ನು ಕಂಡ ಈ ಸೀಮೆಯ ಮಕ್ಕಳಿಗೆ ಈ ಮಾತು ಪುಸ್ತಕದ ಮಾತಲ್ಲ.

ಹುಡುಗ ಬಿಡಲಿಲ್ಲ. 'ಹಂಗಾದ್ರೆ ನಮ್ಮೂರು ಎಷ್ಟನೇದು ಸಾರ್?' ಎಂದ.

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಮಾರನೆಯ ಶನಿವಾರ ತರಗತಿಯನ್ನು ಊರ ಕೆರೆಯ ಏರಿಗೆ ಕರೆದುಕೊಂಡು ಹೋದೆ. ಪಿಎಚ್ ಕಾಗದ, ನಾಲ್ಕು ಗಾಜಿನ ಸೀಸೆ, ಒಂದು ಟೇಪು, ಇಷ್ಟೇ ಸಲಕರಣೆ. ಮಕ್ಕಳು ನೀರಿನ ಬಣ್ಣ ಬರೆದುಕೊಂಡರು, ವಾಸನೆ ನೋಡಿದರು, ಕಾಗದ ಅದ್ದಿ ಬಣ್ಣ ಹೋಲಿಸಿದರು. ಕೆರೆಗೆ ನೀರು ಬರುವ ಕಾಲುವೆಯ ಅಗಲ ಅಳೆದರು. ಅದು ಎಲ್ಲಿ ಕಿರಿದಾಗಿದೆ, ಎಲ್ಲಿ ಕಸ ಸುರಿದಿದ್ದಾರೆ, ಯಾವ ಮನೆಗಳ ಬಚ್ಚಲ ನೀರು ಸೇರುತ್ತಿದೆ ಎಂದು ಗುರುತು ಹಾಕಿದರು. ಸಾಲಿನಲ್ಲಿದ್ದ ಒಂದು ಹುಡುಗಿ ಮೆಲ್ಲಗೆ ಹೇಳಿದಳು: 'ಆ ಕಸ ನಮ್ಮನೇದೇ ಸಾರ್.' ಯಾರೂ ನಗಲಿಲ್ಲ. ಪ್ರತಿಯೊಬ್ಬರೂ ತಂತಮ್ಮ ಮನೆಯ ಕಸ ಎಲ್ಲಿ ಹೋಗುತ್ತದೆ ಎಂದು ಯೋಚಿಸುತ್ತಿದ್ದಂತೆ ಕಂಡಿತು.

ಪಾಲಕರಲ್ಲಿ ಒಂದು ಮಾತು. ಮಕ್ಕಳನ್ನು ಬೆಂಗಳೂರಿಗೆ ಕಳುಹಿಸಬೇಡಿ ಎಂದು ಯಾವ ಮೇಷ್ಟರೂ ಹೇಳಲಾರರು. ಕಳುಹಿಸಿ, ಅಲ್ಲಿ ಕಲಿಯುವುದು ಬೇಕಾದಷ್ಟಿದೆ. ಆದರೆ ಆ ಊರನ್ನು ಬರೀ ಸಂಬಳದ ಊರೆಂದು ಹೇಳಿ ಕಳುಹಿಸಬೇಡಿ. ನಾಳೆ ಬೆಂಗಳೂರಿನ ಕೆರೆಯ ನಕ್ಷೆ ಬಿಡಿಸುವವರು, ಒಳಚರಂಡಿಯ ಲೆಕ್ಕ ಹಾಕುವವರು, ಬಡಾವಣೆಗೆ ಅನುಮತಿ ಕೊಡುವ ಅಧಿಕಾರಿಗಳು, ಮನೆ ಕಟ್ಟಿಸುವ ಇಂಜಿನಿಯರುಗಳು ಎಲ್ಲರೂ ಇಂಥ ಊರುಗಳಿಂದ ಹೋದ ಮಕ್ಕಳೇ. ಕೋಡಿ ಎಂದರೇನು, ತೂಬು ಎಂದರೇನು ಎಂದು ಬಲ್ಲ ಮಗು ರಾಜಕಾಲುವೆಯ ಮೇಲೆ ಮನೆಯ ಪಾಯ ತೋಡಲು ಹಿಂಜರಿಯುತ್ತದೆ. ಆ ಹಿಂಜರಿಕೆಯನ್ನು ಕಲಿಸುವ ಕಾಲೇಜು ಬೆಂಗಳೂರಿನಲ್ಲಿ ಸಿಗುವುದಿಲ್ಲ. ಅದನ್ನು ಇಲ್ಲಿಯೇ, ತೋಟದಲ್ಲಿ, ಕೆರೆ ಏರಿಯ ಮೇಲೆ ಕಲಿಸಿ ಕಳುಹಿಸಬೇಕು.

ಕೆರೆಯಿಂದ ತಂದ ನಾಲ್ಕು ಸೀಸೆಗಳು ನಮ್ಮ ಪ್ರಯೋಗಶಾಲೆಯ ಕಿಟಕಿಯಲ್ಲಿವೆ. ಮೇಲೆ ದಿನಾಂಕದ ಚೀಟಿ ಅಂಟಿಸಿದ್ದಾರೆ. ಮುಂದಿನ ಜೂನ್‌ನಲ್ಲಿ ಮತ್ತೆ ನಾಲ್ಕು ಸೀಸೆ ತುಂಬಿ ಪಕ್ಕದಲ್ಲಿಡಬೇಕೆಂದು ಮಕ್ಕಳೇ ತೀರ್ಮಾನಿಸಿದರು. ನಮ್ಮೂರು ಎಷ್ಟನೆಯದು ಎಂಬುದು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಹೋದ ವರ್ಷದ ಸೀಸೆಗಿಂತ ಈ ವರ್ಷದ್ದು ತಿಳಿಯಾಗಿದೆಯೇ ಎಂದು ನೋಡಿದರೆ ಸಾಕು.